ನಿಂದರ್ರಿ, ಸೀರಿ ಉಟ್ಕೊಂಡು ಬರ್ತೀನಿ

ಕ್ಯಾಮೆರಾಕ್ಕಿಂತ ಮೊದಲು ನಮ್ಮ ಮನೆಗೆ ಬಂದದ್ದು ಯೋಜನೆ. ಕ್ಯಾಮೆರಾ ಆಮೇಲೆ ಬಂತು, ಹೈದರಾಬಾದಿನ ಅಳಿಯ ಹೊಸದೊಂದು ಕೊಂಡು ಹಳೆಯದನ್ನು ನನ್ನ ಕೊರಳಿಗೆ ಹಾಕಿದಾಗ. ನಿವೃತ್ತನಾದವನು ಒಂದೋ ಗಿಡ ನೆಡಬೇಕು, ಇಲ್ಲವೇ ಆತ್ಮಕಥೆ ಬರೆಯಬೇಕು ಎಂಬುದು ಕಲಬುರಗಿಯ ನಮ್ಮ ಕಾಲೊನಿಯ ಕಾನೂನು. ಗಿಡಕ್ಕೆ ನೀರಿಲ್ಲ, ಆತ್ಮಕಥೆಗೆ ಕಥೆಯಿಲ್ಲ. ಉಳಿದದ್ದು ಪರರ ಬದುಕು. ಹಾಗಾಗಿ ಒಂದು ನೂರು ಪುಟದ ನೋಟ್‌ಬುಕ್ಕಿನ ಮೇಲೆ 'ಊರೂರ ಮಂದಿ' ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದೆ. ಒಂದೊಂದು ಊರಿನ ಬೀದಿಯಲ್ಲಿ ನಿಲ್ಲುವುದು. ಅಲ್ಲಿಯ ಜನ ಹೇಗೆ ಬದುಕುತ್ತಾರೆಂಬುದನ್ನು ಅವರಿಗೇ ಗೊತ್ತಾಗದ ಹಾಗೆ ಹಿಡಿಯುವುದು.

"ಮಂದಿ ಹೆಂಗ ಬದುಕ್ತಾರ ಅಂತ ನೋಡ್ಲಕ್ಕ ಕ್ಯಾಮೆರಾ ಯಾಕ ಬೇಕು? ನಮ್ಮ ಅಡಗಿಮನಿಗಿ ಕಿಟಕಿ ಅದಲ್ಲ," ಎಂದಳು ಹೆಂಡತಿ. ಆ ಕಿಟಕಿಯಿಂದ ಅವಳಿಗೆ ತಿಳಿದಷ್ಟು ಸಂಗತಿಗಳು ಯಾವ ಲೆನ್ಸಿಗೂ ಸಿಗಲಾರವು ಎಂಬುದು ಬೇರೆ ಮಾತು.

ನನಗೆ ಹುಚ್ಚು ಹಿಡಿಸಿದವನು ಎಡ್ವರ್ಡ್ ಸ್ಟೈಕನ್. 1955ರಲ್ಲಿ ನ್ಯೂಯಾರ್ಕಿನಲ್ಲಿ 'ದ ಫ್ಯಾಮಿಲಿ ಆಫ್ ಮ್ಯಾನ್' ಎಂಬ ಪ್ರದರ್ಶನ ಇಟ್ಟವನು. 68 ದೇಶಗಳ 503 ಚಿತ್ರ. ಹುಟ್ಟು, ಮದುವೆ, ದುಡಿತ, ಊಟ, ಜಗಳ, ಸಾವು. ಮನುಷ್ಯ ಎಲ್ಲಿದ್ದರೂ ಮನುಷ್ಯನೇ ಎಂದು ತೋರಿಸುವುದು ಅವನ ಹಟ. ಅವನ 68 ದೇಶ ಅವನಿಗಿರಲಿ. ನನಗೆ ನನ್ನ ಹುಟ್ಟೂರು ಗುಂಡಗುರ್ತಿ, ಅದರ ಸುತ್ತಿನ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸಾಕು. ಒಂದೇ ಜಿಲ್ಲೆಯ ಊರುಗಳನ್ನು ಬೇರೆ ಬೇರೆ ಜಾಗ ಎನ್ನಬಹುದೇ ಎಂದು ಕೆಲವರು ಕೇಳಿದರು. ಕೇಳಿದವರಾರೂ ಚಿಂಚೋಳಿಯಿಂದ ವಾಡಿಗೆ ಬಸ್ಸಿನಲ್ಲಿ ಬಂದವರಲ್ಲ. ಅತ್ತ ಕಾಡು, ತಾಂಡಾ, ತೆಲಂಗಾಣದ ಗಡಿ. ಇತ್ತ ರೈಲು, ಚಿಮಣಿ, ಸಿಮೆಂಟು. ನಡುವೆ ತೊಗರಿ ಹೊಲ. ಮಾತು ಕೂಡ ಒಂದೇ ಅಲ್ಲ. ಸೇಡಂ ಕಡೆ ಹೋದರೆ ಕನ್ನಡಕ್ಕೆ ತೆಲುಗು ಅಂಟಿಕೊಳ್ಳುತ್ತದೆ, ಶಹಾಬಾದಿನಲ್ಲಿ ದಖನಿ ಉರ್ದು ನಡುಮನೆಗೇ ಬಂದು ಕೂತಿದೆ.

ಈ ಕೆಲಸಕ್ಕೆ ನನಗಿಂತ ಸಾವಿರದ ಚಿಲ್ಲರೆ ವರ್ಷ ಮೊದಲು ಕೈ ಹಾಕಿದವನೊಬ್ಬ ನಮ್ಮ ಮಗ್ಗುಲ ಮಳಖೇಡದಲ್ಲೇ ಇದ್ದ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಕೂತು ಕವಿರಾಜಮಾರ್ಗ ಬರೆದ ಶ್ರೀವಿಜಯ. ಕಾವೇರಿಯಿಂದ ಗೋದಾವರಿಯ ತನಕ ನಾಡನ್ನು ಅಳೆದು, ಅಲ್ಲಿಯ ಮಂದಿ ಎಂಥವರು, ಹೇಗೆ ಮಾತಾಡುತ್ತಾರೆ ಎಂದು ಗುರುತು ಹಾಕಿಕೊಂಡ. ಕಡೆಗೆ, ಊರೂರಿಗೆ ಕನ್ನಡ ಬೇರೆ ಬೇರೆ, ಇದರ ಲೆಕ್ಕ ಇಡಹೋದರೆ ವಾಸುಕಿಗೂ ಬೇಸರ ಬಂದೀತು ಎಂದು ಕೈಚೆಲ್ಲಿದ. ಹಲವು ಹೆಡೆಯ ಸರ್ಪಕ್ಕೇ ಆಗದ್ದನ್ನು ಒಂದು ಕಣ್ಣಿನ, ಅದೂ ಸೆಕೆಂಡ್‌ಹ್ಯಾಂಡ್ ನಿಕಾನ್ ಮಾಡೀತೇ ಎಂಬ ಅನುಮಾನ ಬರಬೇಕಿತ್ತು. ಬರಲಿಲ್ಲ. ಮಳಖೇಡಕ್ಕೆ ಹೋದರೆ, ಕಾಗಿಣಾ ನದಿಯ ದಂಡೆಯ ಮೇಲೆ ರಾಷ್ಟ್ರಕೂಟರ ರಾಜಧಾನಿಯ ಮುರುಕು ಕೋಟೆಯಲ್ಲಿ ಆಡು ಮೇಯುತ್ತಿದ್ದವು. ಅವುಗಳ ಚಿತ್ರ ಮಾತ್ರ ಬಹಳ ಸೊಗಸಾಗಿ ಬಂದಿದೆ. ಅವು ಏನೂ ಕೇಳಲಿಲ್ಲ.

ಯೋಜನೆಯ ಮೊದಲ ಶತ್ರು ಬಿಸಿಲು. ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ನೋಡಿ ನೋಡಿ ನಾನು ಕೆಟ್ಟವನು. ಅವರು ತೆಗೆದ ಮಕ್ಕಳ ಚಿತ್ರಗಳು 1979ರ ಮಕ್ಕಳ ವರ್ಷದಲ್ಲಿ ವಿಶ್ವಸಂಸ್ಥೆಯ ಗೋಡೆಯ ತನಕ ಹೋದವು. ಆದರೆ ಸತ್ಯನ್ ಮೈಸೂರಿನವರು. ಮೈಸೂರಿನ ಬಿಸಿಲು ಸಂಭಾವಿತ ಬಿಸಿಲು. ಮುಖದ ಮೇಲೆ ಬೀಳುವ ಮುಂಚೆ ಅಪ್ಪಣೆ ಕೇಳುತ್ತದೆ. ನಮ್ಮದು ಒಂಬತ್ತಕ್ಕೇ ನೆತ್ತಿಗೆ ಹೊಡೆದು, ಹಣೆ ಬಿಳಿ, ಕಣ್ಣು ಕಪ್ಪು ಮಾಡಿಬಿಡುತ್ತದೆ. ಮೇ ತಿಂಗಳಲ್ಲಿ 44 ಡಿಗ್ರಿ ಏರಿದಾಗ ಬೀದಿಯ ಚಿತ್ರ ತೆಗೆಯಬಹುದು, ಬೀದಿಯಲ್ಲಿ ಮಂದಿ ಇರುವುದಿಲ್ಲ ಅಷ್ಟೇ. ಪುಸ್ತಕಗಳು ಹೇಳುವುದು, ಸೂರ್ಯ ಹುಟ್ಟುವ ಹೊತ್ತಿನ ಬೆಳಕು ಹೊನ್ನಿನ ಬೆಳಕು ಎಂದು. ಪುಸ್ತಕ ಬರೆದವರು ಹಳ್ಳಿಯ ಹಾದಿಯಲ್ಲಿ ಆ ಹೊತ್ತಿಗೆ ನಿಂತವರಲ್ಲ. ತಂಬಿಗೆ ಹಿಡಿದು ಹೊರಟವರ ಕಡೆ ಕ್ಯಾಮೆರಾ ತಿರುಗಿಸಿದರೆ ಯೋಜನೆಯ ಜೊತೆಗೆ ಯೋಜಕನೂ ಅಲ್ಲೇ ಮುಗಿಯುತ್ತಾನೆ.

ಎರಡನೆಯ ಶತ್ರು ಒಂದು ಪ್ರಶ್ನೆ: "ಯಾವ ಚಾನೆಲ್‌ರೀ?" ಗುಂಡಗುರ್ತಿಯ ಹೋಟೆಲಿನಲ್ಲಿ ಸುಸಲಾ ತಿನ್ನುತ್ತಿದ್ದವರಿಂದ ಹಿಡಿದು ವಾಡಿ ಜಂಕ್ಷನ್ನಿನಲ್ಲಿ ಗಾಡಿ ಕಾಯುವವರ ತನಕ ಎಲ್ಲರ ಬಾಯಲ್ಲೂ ಅದೇ. ಯಾವ ಚಾನೆಲ್ಲೂ ಅಲ್ಲ ಎಂದರೆ ನಂಬಿಕೆ ಹೋಗುತ್ತದೆ. ಚಾನೆಲ್ ಅಲ್ಲದವನು ಸರ್ವೆಯವನಿರಬೇಕು, ಸರ್ವೆಯವನಾದರೆ ಹೊಲ ಹೋಗುತ್ತದೆ, ಇಲ್ಲವೇ ರೇಷನ್ ಕಾರ್ಡು ಹೋಗುತ್ತದೆ. ಸುಮ್ಮನೆ ಮಂದಿಯನ್ನು ನೋಡಲಿಕ್ಕೆ ಬಂದವನೊಬ್ಬ ಇರಬಹುದೆಂಬುದು ಯಾರ ಲೆಕ್ಕದಲ್ಲೂ ಇಲ್ಲ. ಇರಬೇಕಾದರೂ ಯಾಕೆ?

ವಾಡಿಯಲ್ಲಿ ಕೆಲಸ ಸಲೀಸು. 1874ರಲ್ಲಿ ನಿಜಾಮರ ರೈಲು ಇಲ್ಲಿಂದ ಸಿಕಂದರಾಬಾದಿಗೆ ಹೊರಟಾಗಿನಿಂದ ಇದು ಕಾಯುವ ಊರು. ಮುಂಬಯಿ, ಮದರಾಸು, ಹೈದರಾಬಾದು ಮೂರೂ ದಿಕ್ಕಿನವರು ಇಲ್ಲಿ ಗಂಟು ಮೂಟೆಯ ಮೇಲೆ ಕೂತು ಹಳಿ ನೋಡುತ್ತಾರೆ. ಕಾಯುವ ಮಂದಿಗೆ ಕ್ಯಾಮೆರಾದ ಖಬರಿರುವುದಿಲ್ಲ. ಚಿತ್ರಗಳು ಪುಸ್ತಕದಲ್ಲಿ ಹೇಳಿದ ಹಾಗೇ ಬಂದವು. ಮನೆಗೆ ಬಂದು ನೋಡಿದರೆ ಅದರಲ್ಲಿ ವಾಡಿಯವರು ಒಬ್ಬರೂ ಇಲ್ಲ.

ಸೇಡಂ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. ಅದು ನಮ್ಮ ಬೀಗರ ಊರು.

ಶಹಾಬಾದಿನಲ್ಲಿ ಮಾತ್ರ ನಿಂತೇ ಬಿಟ್ಟೆ. ದಖನಿನ ಅರ್ಧ ಮನೆಗಳ ನೆಲ ಈ ಊರಿನ ಫರ್ಸಿ ಕಲ್ಲಿನದು. ಗುಂಡಗುರ್ತಿಯ ನಮ್ಮ ಹಳೆಯ ಮನೆಯಲ್ಲಿ ನೆಲ ಫರ್ಸಿ, ಕಟ್ಟೆ ಫರ್ಸಿ, ನೀರಿನ ಹೌದು ಫರ್ಸಿ, ದನದ ಗೋದಲಿಯೂ ಫರ್ಸಿ. ಖಣಿಯಲ್ಲಿ ಅದನ್ನು ಎಬ್ಬಿಸುವುದನ್ನು ನಾನು ಹತ್ತಿರದಿಂದ ನೋಡಿದ್ದು ಮಾತ್ರ ಈಗಲೇ. ಈಗ ಗರಗಸದ ಹಲ್ಲಿನ ಯಂತ್ರ ಬಂದಿದೆ. ಆದರೂ ಅಲ್ಲೊಬ್ಬ ಇಲ್ಲೊಬ್ಬ ಉಳಿ, ಸುತ್ತಿಗೆ ಹಿಡಿದ ಮುದುಕರು ಇದ್ದಾರೆ. ಅವರಲ್ಲೊಬ್ಬ ಬಂಡೆಯ ಅಂಚಿಗೆ ಉಳಿ ಇಟ್ಟು ಟಣ್ ಎನಿಸುತ್ತಾನೆ, ನಾಲ್ಕು ಬೆರಳು ಆಚೆ ಇಟ್ಟು ಮತ್ತೆ ಟಣ್. ಕಣ್ಣು ಕಲ್ಲಿನ ಮೇಲಿಲ್ಲ, ಎಲ್ಲೋ ದೂರದ ಜಾಲಿ ಗಿಡದ ಮೇಲಿದೆ. ಕಿವಿ ಮಾತ್ರ ಕಲ್ಲಿನಲ್ಲಿ. ಹೀಗೆ ಹೋಗುತ್ತಾ ಹೋಗುತ್ತಾ ಟಣ್ ಎನ್ನುವುದು ಒಮ್ಮೆಲೆ ಟಪ್ ಎನ್ನುತ್ತದೆ. ಅಷ್ಟೇ, ಈತ ಉಳಿ ಬಿಟ್ಟು ಹಾರೆ ತೆಗೆದುಕೊಳ್ಳುತ್ತಾನೆ. ಎರಡು ಬೆರಳು ದಪ್ಪದ ಹಾಳೆ, ಮನುಷ್ಯ ಮಲಗುವಷ್ಟು ಅಗಲ, ಕೆಳಗಿನ ಬಂಡೆಯಿಂದ ಬಿಟ್ಟು ಮೇಲೆದ್ದಾಗ ಅದರಡಿಯಿಂದ ತಣ್ಣನೆಯ ಗಾಳಿ ಬಂದು ನನ್ನ ಮೊಣಕಾಲಿಗೆ ತಾಗಿತು. ಕೋಟಿಗಟ್ಟಲೆ ವರ್ಷ ಮುಚ್ಚಿದ್ದ ಜಾಗದ ಗಾಳಿ ಎಂದುಕೊಂಡೆ. ಭೂಗರ್ಭದವರು ನಗಬಹುದು.

ನಾನು ಕ್ಯಾಮೆರಾ ಎತ್ತಿದೆ. ಆತ ಸುತ್ತಿಗೆ ಕೆಳಗಿಟ್ಟ. ಕೊಡದ ನೀರಿನಿಂದ ಮುಖ ತೊಳೆದು, ರುಮಾಲಿನಿಂದ ಒರೆಸಿ, ಅದೇ ರುಮಾಲನ್ನು ಝಾಡಿಸಿ ತಲೆಗೆ ಸುತ್ತಿ, ಕೈಗಳನ್ನು ತೊಡೆಗೆ ಹಚ್ಚಿ ರಾಷ್ಟ್ರಗೀತೆಗೆ ನಿಲ್ಲುವವರಂತೆ ನಿಂತ.

"ಕೆಲಸಾ ಮಾಡ್ರಿ ಯಜಮಾನ್ರ, ಹಂಗೇ ತಗೀತೀನಿ."

"ಕೆಲಸಾ ಏನ್ ತಗೀತೀರಿ? ಕೆಲಸಾ ದಿನಾ ಇರ್ತದ. ಮಾರಿ ತಗೀರಿ."

ಈ ಮಾತಿಗೆ ಸ್ಟೈಕನ್ ಏನು ಹೇಳುತ್ತಿದ್ದನೋ. ನಾನು ಮಾರಿ ತೆಗೆದೆ. ಕಲ್ಲಿನ ಪುಡಿ ಹುಬ್ಬಿನ ಕೂದಲಲ್ಲಿ ಉಳಿದೇ ಇತ್ತು.

ಗುಂಡಗುರ್ತಿಯಲ್ಲಿ ನಮ್ಮ ಸೋದರತ್ತೆ ಇದ್ದಾಳೆ. ನಾನು ಹೋದಾಗ ಬಂಕದಲ್ಲಿ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಮಾಳಿಗೆಯ ಬೆಳಕಿಂಡಿಯಿಂದ ಒಂದು ಬೆಳಕಿನ ಕೋಲು ನೇರ ಮೊರಕ್ಕೇ ಬಿದ್ದಿತ್ತು. ಬೇಳೆ ಹಾರಿಸಿದಾಗಲೆಲ್ಲ ಹೊಟ್ಟು ಆ ಕೋಲಿನಲ್ಲಿ ಮಿಂಚಿ ಮೇಲೇರುತ್ತಿತ್ತು. ಯಾವ ಛಾಯಾಗ್ರಾಹಕನೂ ಕೈ ಮುಗಿದು ಬೇಡುವ ಬೆಳಕು. ಉಸಿರು ಹಿಡಿದು ಕ್ಯಾಮೆರಾ ಎತ್ತಿದೆ. ಮುಚ್ಚಳ ತೆಗೆದ ಸಪ್ಪಳಕ್ಕೇ ಆಕೆ ತಲೆ ಎತ್ತಿದಳು.

"ನಿಂದ್ರೋ ತಮ್ಮಾ, ಸೀರಿ ಉಟ್ಕೊಂಡು ಬರ್ತೀನಿ."

ಉಟ್ಟ ಸೀರೆ ಸೀರೆಯಲ್ಲವೆಂದೂ, ಸೀರೆ ಟ್ರಂಕಿನಲ್ಲಿದೆಯೆಂದೂ ಇದರರ್ಥ. ಬೆಳಕು ಮೊರದಿಂದ ಇಳಿದು, ಫರ್ಸಿಯ ಮೇಲೆ ಹರಿದು, ಗೋಡೆ ಹತ್ತುವ ಹೊತ್ತಿಗೆ ಆಕೆ ಇಳಕಲ್ಲು ಉಟ್ಟು, ಪಕ್ಕದ ಮನೆಯಿಂದ ಬೋರಮಾಳ ತರಿಸಿ ಹಾಕಿಕೊಂಡು ಬಂದಳು. ಬಂದವಳು ಬಂಕದಲ್ಲಿ ಕೂಡಲಿಲ್ಲ. ಹಳೆಯ ಮನೆ ಕಾಣಬಾರದಂತೆ. ಎದುರಿನವರು ಹೊಸದಾಗಿ ಆರ್.ಸಿ.ಸಿ. ಕಟ್ಟಿಸಿ ಗುಲಾಬಿ ಬಣ್ಣ ಹೊಡೆಸಿದ್ದಾರೆ, ಅದರ ಗೇಟಿನ ಮುಂದೆ ನಿಂತಳು. ಆ ಮನೆಗೆ ಬೀಗ. ಕಟ್ಟಿಸಿದವರು ಬೆಂಗಳೂರಿನಲ್ಲಿ ಯಾರದೋ ಇಪ್ಪತ್ತು ಮಹಡಿಯ ಮನೆ ಕಟ್ಟುತ್ತಾ ತಗಡಿನ ಶೆಡ್ಡಿನಲ್ಲಿ ಇದ್ದಾರೆ. ಉಗಾದಿಗೆ ಬಂದು ಬೀಗ ತೆಗೆದು, ಕಸ ಹೊಡೆದು, ಮತ್ತೆ ಬೀಗ ಹಾಕಿ ಹೋಗುತ್ತಾರೆ. ಇಂಥ ಬೀಗ ಆ ಬೀದಿಯಲ್ಲಿ ಒಂದೇ ಅಲ್ಲ. ಗುಂಡಗುರ್ತಿಯ ಮಂದಿ ಹೇಗೆ ಬದುಕುತ್ತಾರೆಂದು ನಿಜವಾಗಿ ತೋರಿಸಬೇಕಾದರೆ ಬೆಂಗಳೂರು, ಪುಣೆ, ಹೈದರಾಬಾದಿನ ಬೀದಿಗಳಲ್ಲಿ ನಿಲ್ಲಬೇಕು. ನೋಟ್‌ಬುಕ್ಕಿನ ನೂರು ಪುಟಕ್ಕೆ ಅದು ಮೀರಿದ ಸಂಗತಿ.

ಚಿತ್ರ ತೆಗೆದಾದ ಮೇಲೆ ಒಳಗೆ ಕರೆದು ಚಹಾ ಕೊಟ್ಟಳು. ಒಳಮನೆಯ ಗೋಡೆಯ ಮೇಲೆ, ಜಂತಿಯ ಹತ್ತಿರ, ಮುಂದಕ್ಕೆ ಬಾಗಿಸಿ ಸಾಲಾಗಿ ತೂಗುಹಾಕಿದ ಫೋಟೋಗಳು. ಹುಡುಗನಾಗಿದ್ದಾಗಿನಿಂದ ನೋಡಿದವೇ, ಆದರೆ ಈಗ ನಾನು ಈ ಧಂದೆಯವನಾದ್ದರಿಂದ ಎದ್ದು ನಿಂತು ನೋಡಿದೆ. ಮಾವ ಇಪ್ಪತ್ತೈದರ ಪ್ರಾಯದಲ್ಲಿ ಕಲಬುರಗಿಯ ಸ್ಟುಡಿಯೋದಲ್ಲಿ ತೆಗೆಸಿದ್ದು. ಹಿಂದೆ ಪರದೆಯ ಮೇಲೆ ತಾಜಮಹಲು. ಪರದೆಗೆ ಬಣ್ಣ ಹಚ್ಚಿದವನು ಅದರ ಮುಂದೆ ಎರಡು ತೆಂಗಿನ ಮರ ತನ್ನ ಕೈಯಿಂದ ಸೇರಿಸಿದ್ದಾನೆ. ಮಾವನ ಎಡಗೈ ಎದೆಯ ಮಟ್ಟಕ್ಕೆ ಬಂದು ನಿಂತಿದೆ, ಕೈಗಡಿಯಾರ ಕಾಣಲಿ ಎಂದು. ಗಡಿಯಾರ ಸ್ಟುಡಿಯೋದವರದು. ತೊಡೆಯ ಮೇಲಿನ ಟ್ರಾನ್ಸಿಸ್ಟರ್ ಕೂಡ ಅವರದೇ, ಕೋಟೂ ಅವರದೇ. ಮುಖವೊಂದೇ ಸ್ವಂತದ್ದು. ಮಾವ ಬದುಕಿಡೀ ಅಂಗಿಯ ಮೇಲೆ ಟವೆಲು ಹಾಕಿಕೊಂಡು ಪರರ ಹೊಲ ಪಾಲಿಗೆ ಮಾಡಿದವನು. ಅವನು ಆಗ್ರಾ ನೋಡಲಿಲ್ಲ, ಗಡಿಯಾರ ಕಟ್ಟಲಿಲ್ಲ. ಹಾಗಾದರೆ ಆ ಫೋಟೋ ಸುಳ್ಳೇ? ಅತ್ತೆಗೆ ಕೇಳಿದರೆ, ಆತ ಖರೇನೇ ಹಂಗೇ ಇದ್ದ, ನಿಮಗ ಕಾಣ್ತಿದ್ದಿಲ್ಲ ಅಷ್ಟೇ, ಎಂದಳು.

ಸಾಲಿನ ಕಡೆಯ ಫೋಟೋ ಮೊಮ್ಮಗನ ಜಾವಳದ್ದು. ಆ ಮೊಮ್ಮಗನಿಗೆ ಈಗ ಮೀಸೆ ಬಂದಿದೆ. ನಡುವಿನ ವರ್ಷಗಳೆಲ್ಲ ಯಾರ್‍ಯಾರದೋ ಮೊಬೈಲಿನಲ್ಲಿವೆ. ಒಂದು ಮೊಬೈಲು ಬಾವಿಗೆ ಬಿತ್ತು, ಒಂದು ಬಸ್ಸಿನಲ್ಲಿ ಹೋಯಿತು. ಮೊಳೆ ಮಾತ್ರ ಮುಂದಿನ ಫೋಟೋಕ್ಕಾಗಿ ಹೊಡೆದದ್ದು ಹಾಗೇ ಇದೆ.

ಕದ್ದು ತೆಗೆದ ಚಿತ್ರದಲ್ಲೇ ಸತ್ಯವಿರುವುದು ಎಂಬ ವಾದ ನನಗೆ ಈಗಲೂ ಇಷ್ಟ. ಆದರೆ ನಮ್ಮ ಸೀಮೆಯಲ್ಲಿ ಅದರ ವಿರುದ್ಧ ಪುರಾವೆ ಬಹಳ. ಚಿತ್ತಾಪುರ ತಾಲೂಕಿನಲ್ಲೇ, ಭೀಮಾ ದಂಡೆಯ ಸನ್ನತಿಗೆ ಹತ್ತಿಕೊಂಡು ಕನಗನಹಳ್ಳಿ ಇದೆ. ಪುರಾತತ್ವದವರು ಅಗೆದಾಗ ಅಲ್ಲಿ ಬೌದ್ಧ ಸ್ತೂಪ ಸಿಕ್ಕಿತು, ಸ್ತೂಪದ ಫಲಕಗಳಲ್ಲೊಂದರ ಮೇಲೆ ಅಶೋಕ ಸಿಕ್ಕ. ಪಕ್ಕದಲ್ಲಿ ರಾಣಿ, ಹಿಂದೆ ಛತ್ರ ಚಾಮರದವರು. ನೋಡಿದವರಿಗೆ ಅನುಮಾನ ಬರಬಾರದೆಂದು ಬ್ರಾಹ್ಮಿ ಲಿಪಿಯಲ್ಲಿ ಅಶೋಕ ರಾಜನೆಂದು ಹೆಸರೂ ಬರೆದಿದ್ದಾರೆ. ಫೋಟೋದ ಕೆಳಗೆ ಹೆಸರು ಹಾಕುವ ಪದ್ಧತಿ ನಮ್ಮ ಜಿಲ್ಲೆಯಲ್ಲಿ ಅಷ್ಟು ಹಳೆಯದು. ಆದರೆ ಕೆತ್ತಿದವನು ಅಶೋಕನನ್ನು ಕಂಡವನೇ ಅಲ್ಲ. ಅಶೋಕ ಹೋಗಿ ಎಷ್ಟೋ ತಲೆಮಾರು ಕಳೆದಿತ್ತು. ರಾಜ ಎಂದರೆ ಹೀಗೆ ನಿಂತಿರಬೇಕು, ರಾಣಿ ಎಂದರೆ ಹೀಗೆ ಹತ್ತಿರವಿರಬೇಕು ಎಂದು ನಿಲ್ಲಿಸಿದ. ಅವನೂ ಒಂದು ರೀತಿಯಲ್ಲಿ ಪರದೆಯ ಸ್ಟುಡಿಯೋದವನೇ. ಮುಂದೆ ನಮ್ಮ ಭಾಗ ನಿಜಾಮರ ಕೈಯಲ್ಲಿದ್ದಾಗ ಆರನೆಯ ನಿಜಾಮರ ಆಸ್ಥಾನದ ಛಾಯಾಗ್ರಾಹಕ ರಾಜಾ ದೀನದಯಾಳ್ ನವಾಬರನ್ನು ಅವರು ಬಯಸಿದ ಹಾಗೆಯೇ, ತಲವಾರು, ಹೂದಾನಿ, ಗಾದಿ ಸಮೇತ ತೆಗೆದರು. ನವಾಬರಿಗೊಂದು ನ್ಯಾಯ, ಗುಂಡಗುರ್ತಿಯ ಅತ್ತೆಗೆ ಇನ್ನೊಂದೇ? ನವಾಬರು ಪೋಸು ಕೊಟ್ಟರೆ ಪರಂಪರೆ. ಅತ್ತೆ ಪೋಸು ಕೊಟ್ಟರೆ ಚಿತ್ರ ಕೆಟ್ಟಿತು!

ಚಿಂಚೋಳಿಯ ಕಡೆಯ ತಾಂಡಾವೊಂದರಲ್ಲಿ ಇದಕ್ಕಿಂತ ಬಿರುಸಾದ ಮಾತು ಕೇಳಿದೆ. ಕನ್ನಡಿ ಚೂರಿನ ಲಂಗ, ಕೈ ತುಂಬ ಬಿಳಿ ಬಳೆ ತೊಟ್ಟ ಲಂಬಾಣಿ ಅಜ್ಜಿಯರ ಚಿತ್ರ ತೆಗೆಯದ ಫೋಟೋಗ್ರಾಫರ್ ಭಾರತದಲ್ಲಿ ಇರಲಾರ. ಹುಡುಗಿಯರು ಅದನ್ನು ಬಿಟ್ಟು ಚೂಡಿದಾರ ತೊಟ್ಟು ಎಷ್ಟೋ ಕಾಲವಾಯಿತು, ಪ್ರಾಯದವರು ಮುಂಬಯಿ, ಪುಣೆ, ಹೈದರಾಬಾದಿಗೆ ಹೋಗಿಯೂ ಕಾಲವಾಯಿತು. ಉಳಿದದ್ದು ಅಜ್ಜಿ, ಆಡು, ಮೊಮ್ಮಕ್ಕಳು. ನಾನು ಬಹಳ ವಿನಯದಿಂದ ಅಪ್ಪಣೆ ಕೇಳಿದೆ. ಆಕೆ ನನ್ನನ್ನಲ್ಲ, ಕ್ಯಾಮೆರಾವನ್ನು ನೋಡಿ ಮಾತಾಡಿದಳು.

"ಭಾಳ ಮಂದಿ ತಕ್ಕೊಂಡು ಹೋಗ್ಯಾರ. ಕಳಿಸ್ತೀನಿ ಅಂತಾರ. ನನ್ನ ಮಾರಿ ಎಲ್ಲೆಲ್ಲಿ ಅದನೋ, ನನ್ನ ಬಲ್ಲಿ ಇಲ್ಲ."

ಆವತ್ತಿನಿಂದ ಯೋಜನೆಗೆ ಒಂದು ಹೊಸ ಖರ್ಚು ಸೇರಿತು. ತೆಗೆದ ಚಿತ್ರವನ್ನು ದೊಡ್ಡ ಕಾಗದದ ಮೇಲೆ ಹಾಕಿಸಿ, ಅವರವರ ಕೈಗೆ ಮುಟ್ಟಿಸುವುದು. ಅಜ್ಜಿಗೆ ಕೊಟ್ಟೆ, ಕಲ್ಲಿನ ಯಜಮಾನನಿಗೆ ಕೊಟ್ಟೆ. ಅತ್ತೆಯದು ಮೊಳೆಗೆ ಏರಿತು. ಸುದ್ದಿ ಹಬ್ಬಿತು. 'ಊರೂರ ಮಂದಿ' ನೋಟ್‌ಬುಕ್ಕಿನ ಹಾಳೆಗಳಲ್ಲಿ ನಾನು ಬೆಳಕು, ಕೋನ, ಹೊತ್ತು ಎಂದು ಬರೆಯಲು ಎಳೆದುಕೊಂಡ ಕಾಲಮ್ಮುಗಳಲ್ಲಿ ಈಗ ಮಂದಿಯ ಆರ್ಡರುಗಳಿವೆ. ಕಿರಾಣಿ ಅಂಗಡಿಯವನಿಗೆ ಹಿಂದೆ ಅಂಗಡಿ ಕಾಣಬಾರದು. ಟ್ರ್ಯಾಕ್ಟರ್ ಹೊಡೆಯುವ ಹುಡುಗನಿಗೆ ಟ್ರ್ಯಾಕ್ಟರ್ ತನ್ನದೇ ಅನ್ನಿಸಬೇಕು. ಅಂಗನವಾಡಿಯ ಅಕ್ಕನಿಗೆ ಓದುತ್ತಿರುವ ಹಾಗೆ ಬೇಕು, ಪುಸ್ತಕ ಇಂಗ್ಲಿಷಿನದಾಗಿರಲಿ. ಅಗಸಿಯ ಹತ್ತಿರದ ಅಜ್ಜನಿಗೆ ಮಗನ ಜೊತೆ ನಿಂತದ್ದು ಬೇಕು. ಮಗ ಬರಲಾರ, ಅವನ ಫೋಟೋ ವಾಟ್ಸಾಪಿನಲ್ಲಿದೆ, ಕಂಪ್ಯೂಟರಿನಲ್ಲಿ ಪಕ್ಕಕ್ಕೆ ನಿಲ್ಲಿಸಿ ಕೊಡಬೇಕು. 'ಹೆಗಲ ಮ್ಯಾಲ ಕೈ ಹಾಕಿದಂಗ ಬರ್ತದೇನು ನೋಡ್ರಿ,' ಎಂದಿದ್ದಾನೆ. ಬರುವುದಿಲ್ಲವೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅಳಿಯನಿಗೆ ಫೋನು ಮಾಡಿದ್ದೇನೆ.

ಮಾವನ ತಾಜಮಹಲು ಸಿಕ್ಕಿದ್ದು ಈ ಆರ್ಡರುಗಳಿಗಾಗಿ ಒಂದು ಪರದೆ ಹುಡುಕುವಾಗಲೇ. ಕಲಬುರಗಿಯ ಆ ಸ್ಟುಡಿಯೋ ಈಗ ಮೊಬೈಲ್ ರಿಚಾರ್ಜಿನ ಅಂಗಡಿ. ಮಗ ಗಲ್ಲೆಯ ಮೇಲೆ ಕೂಡುತ್ತಾನೆ, ಅಪ್ಪ ಹಿಂದಿನ ಕೋಣೆಯಲ್ಲಿ ಹಳೆಯ ಸಾಮಾನಿನ ಜೊತೆ. ಪರದೆ ಬಿದಿರಿನ ಗಳುವಿಗೆ ಸುತ್ತಿಟ್ಟಿತ್ತು. ಬಿಚ್ಚಿದರೆ ಒಂದು ಮಿನಾರು ಇಲಿಗಳ ಪಾಲಾಗಿದೆ. "ಅಲ್ಲಿಗಿ ಯಾರರೇ ಎತ್ತರದವರನ್ನ ನಿಂದ್ರಸ್ರಿ," ಎಂದರು ಅವರು, ಐವತ್ತು ವರ್ಷದ ಅನುಭವದಿಂದ. ತೆಂಗಿನ ಮರಗಳು ಎರಡೂ ಚೆನ್ನಾಗಿದ್ದವು. ಬಾಡಿಗೆ ಬೇಡವೆಂದರು, ಒಯ್ದವನು ವಾಪಸು ತರಬೇಕೆಂಬ ಕರಾರು ಮಾತ್ರ.

ಗುಂಡಗುರ್ತಿಯ ಹಾದಿಯ ಬಸ್ಸು ಯಾವತ್ತಿನ ಹಾಗೆ ತುಂಬಿತ್ತು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ನಮ್ಮ ಕಡೆ ಬಸ್ಸಿನಲ್ಲಿ ಗಂಡಸಿಗೆ ಸಿಗುವುದು ಕಂಬಿಯೊಂದೇ. ಆಳೆತ್ತರದ ಗಳುವನ್ನು ಅಡ್ಡಡ್ಡ ಹಿಡಿದು ಹತ್ತಿದೆ. ಇಬ್ಬರ ತಲೆಗೆ ತಾಗಿತು, ಒಬ್ಬಾಕೆಯ ಬುಟ್ಟಿಯ ಬದನೆಕಾಯಿ ಉರುಳಿದವು. ಕಂಡಕ್ಟರ್ ಬಂದು ಗಳುವಿಗೆ ಪೆನ್ನಿನಿಂದ ಬಡಿದ.

"ಏನದ ಇದರಾಗ?"

"ತಾಜಮಹಲು."

"ಲಗೇಜ್ ಆಗ್ತದ ಮತ್ತ."

ನಾನು ಕಿಸೆಗೆ ಕೈ ಹಾಕುವಷ್ಟರಲ್ಲಿ ಬದನೆಕಾಯಿ ಆರಿಸುತ್ತಿದ್ದಾಕೆ ಕೆಳಗಿನಿಂದಲೇ ಅಂದಳು: "ತಾಜಮಹಲ್ ಮುಮ್ತಾಜ್ ಬೇಗಂದು ಅದರಿ. ಹೆಣ್ಮಕ್ಕಳಿಗಿ ಫ್ರೀ."

ಬಸ್ಸು ಪೂರಾ ನಕ್ಕಿತು. ಕಂಡಕ್ಟರ್ ನಗುತ್ತಲೇ ನನಗೆ ಲಗೇಜಿನ ಟಿಕೆಟು ಹರಿದ. ಕೊಟ್ಟು, ಸ್ವಲ್ಪ ಬಾಗಿ ಕೇಳಿದ: ಮುಂದಿನ ಐತಾರ ತನಗೆ ರಜೆ, ಮನೆ ಸೇಡಂದಾಗ ಅದ, ಹೆಂಡತಿ ಮಕ್ಕಳ ಸಮೇತ ಒಂದು ತೆಗೆದು ಕೊಡಬಹುದೇನು? ನಾನು ನೋಟ್‌ಬುಕ್ ತೆಗೆದು, ಗಳುವನ್ನು ಬದನೆಕಾಯಿಯಾಕೆಯ ಕೈಗೆ ಕೊಟ್ಟು, ಬರೆದುಕೊಂಡೆ. ಖಾಕಿ ಬೇಡವಂತೆ. ಕೋಟು ಸಿಗುತ್ತದೇನು ಎಂದು ಕೇಳಿದ್ದಾನೆ.